ಖಾಲಿ ಹೊಟ್ಟೆಯಲ್ಲಿ ಬನ್ನಿ

ಮಂಡಿಪೇಟೆಯ ಮಗ್ಗುಲ ಓಣಿ. ಲ್ಯಾಬಿನ ಷಟರನ್ನು
ಆರೂವರೆಗೆ ಎತ್ತುತ್ತೇನೆ.
ಮೆಟ್ಟಿಲ ಮೇಲೆ ಆಗಲೇ ಇಬ್ಬರು:
ಮೆಕ್ಕೆಜೋಳದ ದಲಾಲಿ,
ಚಾ ಇಲ್ಲದೆ ಸಿಡುಕುವ ಡ್ರಾಯಿಂಗ್ ಮೇಷ್ಟ್ರು.

"ಮುಷ್ಟಿ ಹಿಡೀರಿ" ಅಂದು ರಬ್ಬರಿನ ಚೆಂಡು ಕೊಡುತ್ತೇನೆ.
ನರ ಏಳುತ್ತದೆ.

ನಿನ್ನೆ, ಮೆಡಿಕಲ್ ಓದುವ ಓಬಳೇಶ
ಮೊಣಕೈಗೆ ಹತ್ತಿ ಒತ್ತಿಕೊಂಡು ಹೇಳಿದ:
ಯುರೋಪಿನಲ್ಲಿ, ಆರೇಳು ನೂರು ವರ್ಷದ ಕೆಳಗೆ,
ರಕ್ತ ತೆಗೆಯುತ್ತಿದ್ದವರು ಕ್ಷೌರಿಕರಂತೆ.
ವೈದ್ಯರು ಉದ್ದ ನಿಲುವಂಗಿಯವರು, ಲ್ಯಾಟಿನ್ ಬಲ್ಲವರು,
ಉಚ್ಚೆಯ ಸೀಸೆಯನ್ನು ಬೆಳಕಿಗೆ ಹಿಡಿದು
ನಾಲ್ಕು ರಸಗಳಲ್ಲಿ ಯಾವುದು ಉಕ್ಕಿತೆಂದು ಹೇಳಿ
ಕೈ ಮಡಚಿ ಕೂರುವವರು.
ಕೊಯ್ಯುವುದು, ಕಟ್ಟುವುದು, ಹಲ್ಲು ಕೀಳುವುದು
ಕತ್ತಿ ಹಿಡಿದವನ ಪಾಲು.
ರೋಗಿ ಒಂದು ಕೋಲನ್ನು ಬಿಗಿಹಿಡಿಯಬೇಕಿತ್ತಂತೆ, ನರ ಉಬ್ಬಲು.
ಆ ಕೋಲಿಗೇ ತೊಳೆದ ಪಟ್ಟಿ ಸುತ್ತಿ
ಬಾಗಿಲಲ್ಲಿ ಒಣಹಾಕುತ್ತಿದ್ದರಂತೆ.
ಕೆಂಪು, ಬಿಳಿ. ಕೆಂಪು, ಬಿಳಿ.

ನನಗೆ ನಗು ಬಂತು.
ಅಪ್ಪನ ಅಂಗಡಿಯಲ್ಲೂ ಇದೆ, ತಿರುಗುವ ಕಂಬ,
ಹುಬ್ಬಳ್ಳಿಯಿಂದ ತಂದದ್ದು, ಕರೆಂಟಿನದು,
"ಚೆಂದ ಕಾಣತೈತಿ" ಅಂತ.
ಯಾರ ನೆತ್ತರು ಅಲ್ಲಿ ತಿರುಗುತ್ತಿದೆಯೋ ಅವನಿಗೆ ಗೊತ್ತಿಲ್ಲ.

ನಮ್ಮಜ್ಜ, ಹಡಪದ ಮೈಲಾರಪ್ಪ,
ಜಗಳೂರು ಸೀಮೆಯಲ್ಲಿ ಕೊಂಬು ಹಾಕುತ್ತಿದ್ದ.
ಮೊಣಕಾಲು ಬಾತವರ ಚರ್ಮ ಗೀರಿ,
ಎತ್ತಿನ ಕೊಂಬಿನ ತುದಿಯಿಂದ ಉಸಿರೆಳೆದು, ಮೇಣ ಮುಚ್ಚಿ,
"ಕೆಟ್ಟದ್ದು ಬರ್ಲಿ ಬಿಡು, ಬಾರುಕೋಲು ಗಟ್ಟಿ ಹಿಡ್ಕ" ಅನ್ನುತ್ತಿದ್ದ.
ಬಾರುಕೋಲು!
ಲ್ಯಾಟಿನ್ ಕೇಳಿದವನಲ್ಲ, ಸಮುದ್ರ ಕಂಡವನಲ್ಲ.

ವಾಸಿಯಾಗುತ್ತಿತ್ತೆ? ಕೆಲವರಿಗೆ. ಒಬ್ಬಳು ಉಳಿಯಲಿಲ್ಲ.
ಅದನ್ನು ಅಜ್ಜ ಹೇಳುತ್ತಿರಲಿಲ್ಲ;
ಕತ್ತಿ ಮಸೆಯುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತಿತ್ತು.

ಬಾವು ಇಳಿದವರು ಜೋಳ ಅಳೆದು ಕೊಡುತ್ತಿದ್ದರು.
ಅವರೇ, ಮರುದಿನ ಮುಂಜಾನೆ
ಊರಿಗೆ ಹೊರಟಾಗ ಅಜ್ಜ ಎದುರಾದರೆ
ಒಳಗೆ ತಿರುಗಿ, ನೀರು ಕುಡಿದು, ಅರೆಗಳಿಗೆ ಕೂತು
ಮತ್ತೆ ಹೊರಡುತ್ತಿದ್ದರು.
ಕೊನೆಕೊನೆಗೆ ಅಜ್ಜನೇ
ಗೋಡೆಗೆ ಮುಖ ಮಾಡಿ ನಿಲ್ಲುವುದನ್ನು ಕಲಿತಿದ್ದ.

ಓಬಳೇಶನನ್ನು ಕೇಳಬೇಕಿತ್ತು:
ಅಲ್ಲಿಯ ಕ್ಷೌರಿಕನೂ ಹಾಗೆ ನಿಲ್ಲುತ್ತಿದ್ದನೆ?
ಇಂಟರ್ನಲ್ಸ್ ಇದೆಯೆಂದು ಓಡಿಬಿಟ್ಟ.

ದಲಾಲಿ ಇವತ್ತು ಚಳ್ಳಕೆರೆಗೆ ಹೋಗಬೇಕು, ದೊಡ್ಡ ವ್ಯವಹಾರ.
ಎದ್ದವನೇ ನೇರ ಇಲ್ಲಿಗೆ ಬಂದಿದ್ದಾನೆ.
ತೋಳು ಚಾಚಿ, ಸೂಜಿಯ ಭಯಕ್ಕೆ
ಕಣ್ಣು ಗಟ್ಟಿ ಮುಚ್ಚಿದ್ದಾನೆ.

"ಕಣ್ ಬಿಡ್ರಿ ಅಣ್ಣಾ" ಅನ್ನುತ್ತೇನೆ,
"ಸೂಜಿ ನೋಡಬ್ಯಾಡ್ರಿ.
ನನ್ನ ಮುಖ ನೋಡ್ರಿ."