ಹನ್ನೊಂದು ರಾತ್ರಿಯ ಹಾಲು

ಅರಕಲಗೂಡಿನ ಶೀತಲ ಕೇಂದ್ರದ ಹಿಂಬದಿ ಕೋಣೆ.
ಗೋಡೆಯಾಚೆ ಹಾಲು ನಾಲ್ಕು ಡಿಗ್ರಿಗೆ ಇಳಿಯುತ್ತಿದೆ,
ಈಚೆ ನಾನು ಬೆವರುತ್ತಿದ್ದೇನೆ.

ಸರ್ವರಿನ ಡಿಸ್ಕು ಬೆಳಿಗ್ಗೆ ಸತ್ತಿದೆ.
ಸತ್ತದ್ದಕ್ಕೆ ಬೇಸರವಿಲ್ಲ, ಡಿಸ್ಕು ಸಾಯುವುದೇ;
ಹಾಸನದಲ್ಲಿ ಅದರ ಪ್ರತಿ ಇರಬೇಕಿತ್ತು.
ಇಲ್ಲ.
ಹನ್ನೊಂದು ರಾತ್ರಿ ಬ್ಯಾಕಪ್ಪು ಎರಡು ಗಂಟೆಗೆ ಸರಿಯಾಗಿ ಹೊರಟಿದೆ,
ಹೊರಟದ್ದು ಎಲ್ಲಿಗೂ ತಲುಪಿಲ್ಲ.
ಪರದೆಯ ಮೇಲೆ ಮಾತ್ರ 'ಚಾಲನೆಯಲ್ಲಿದೆ' ಎಂಬ ಹಸಿರು ಅಕ್ಷರ,
ನೋಡಿದವರಿಗೆಲ್ಲ ಸಮಾಧಾನ.

"ಪಿಂಗ್ ಹೋಗ್ತಿದೆ ಸರ್," ಆ ತುದಿಯಿಂದ ಫರ್ಹಾನಾ.
ಹೋಗುತ್ತದೆ. ಬರುತ್ತದೆ.
ಮೂವತ್ತೆರಡು ಬೈಟಿನ ಕುಶಲೋಪರಿ:
ಇದ್ದೀಯಾ? ಇದ್ದೀನಿ. ಊಟ ಆಯ್ತಾ? ಆಯ್ತು.
ಕೇಬಲ್ ಬದಲಿಸಿದೆ. ಸ್ವಿಚ್ಚಿನ ಪೋರ್ಟು ಬದಲಿಸಿದೆ.
ಗೇಟ್‌ವೇ, ಮಾಸ್ಕು, ಡಿಎನ್‌ಎಸ್ಸು, ಒಂದೊಂದನ್ನೂ
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಿ ನೋಡಿದೆ.
ಎಲ್ಲ ತಣ್ಣಗೆ.

ಆಮೇಲೆ, ಹೊಳೆದದ್ದಲ್ಲ, ಮಾಡಲು ಬೇರೇನೂ ಉಳಿಯದ್ದಕ್ಕೆ,
ಪಿಂಗಿನ ತೂಕ ಏರಿಸುತ್ತ ಹೋದೆ,
ಒಡೆಯಬೇಡ, ಇಡಿಯಾಗಿ ಹೋಗು ಎಂದು ಹೇಳಿ.
ಐನೂರು: ಬಂತು. ಸಾವಿರ: ಬಂತು.
ಸಾವಿರದ ಮುನ್ನೂರ ಎಪ್ಪತ್ತೆರಡು: ಬಂತು.
ಎಪ್ಪತ್ತಮೂರು

ಆಗುವುದಿಲ್ಲ ಎಂಬ ಮಾತೂ ಬರಲಿಲ್ಲ.

ಟೀ ತಂದ ಜವರಯ್ಯನಿಗೆ ಗೇಟಿನಲ್ಲಿ ಇಪ್ಪತ್ತು ವರ್ಷ.
ಏನಾಯ್ತು ಅಂದ. ಹೇಳಿದೆ.
"ಹುಲ್ಲಿನ ಲಾರಿ ಮೇಲಿನ ಕಂಬಿಗೆ ತಗಲುತ್ತೆ ಅಂದ್ರೆ
ಅರ್ಧ ಇಳ್ಸು, ಎರಡು ಸಲ ಬಾ ಅಂತೀವಪ್ಪ ನಾವು.
ಅಲ್ಲಿ ಹಂಗೆ ಹೇಳೋನು ಯಾರೂ ಇಲ್ವಾ?"

ಇದ್ದ.
ಅವನ ಬಾಯಿ ಕಟ್ಟಿತ್ತು.

ಫೈರ್‌ವಾಲಿನ ನಲವತ್ತೊಂದನೆಯ ನಿಯಮ:
ಐಸಿಎಂಪಿ, ಪಿಂಗ್ ಒಂದನ್ನು ಬಿಟ್ಟು, ಎಲ್ಲ ನಿರಾಕರಿಸು.
ಪಕ್ಕದಲ್ಲಿ ಬರೆದವರ ಹೆಸರು, ತಾರೀಕು.
ಆಷಾಢದಲ್ಲಿ, ಆಡಿಟ್ಟಿಗೆ ಮುನ್ನಾದಿನ,
ಒಳಗಿನ ಮಾತು ಹೊರಗೆ ಕೇಳಬಾರದೆಂದು
ಭಾರೀ ಜಾಣತನದಲ್ಲಿ ಬರೆದವನು
ನಾನು.
ಆಡಿಟರು ಹೊಗಳಿದ್ದರು.
ಹೊಸ ಟನೆಲ್ಲು ಬಂದು ದಾರಿ ಒಂದು ಗೇಣು ಕಿರಿದಾಗುವವರೆಗೆ
ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಆ ಒಂದು ಸಾಲು ತಿದ್ದಿದೆ.
ಹಸು ಸೊರೆ ಬಿಟ್ಟ ಹಾಗೆ ಬ್ಯಾಕಪ್ಪು ಸರಾಗ ಇಳಿಯಿತು ಹಾಸನಕ್ಕೆ.
"ಬರ್ತಿದೆ ಸರ್! ಏನಾಗಿತ್ತು?"
ಕೊಂಡೊಯ್ಯಲು ಇದ್ದದ್ದು ಇವತ್ತಿನ ಹಾಲು ಮಾತ್ರ.
ರಿಜಿಸ್ಟರಿನಲ್ಲಿ 'ತಾಂತ್ರಿಕ ದೋಷ' ಎಂದು ಬರೆದೆ.
ಎರಡೇ ಪದ. ಯಾವ ಕಂಬಿಗೂ ತಗಲುವುದಿಲ್ಲ.

ಬೆಳಗಿನ ಟ್ಯಾಂಕರಿನ ಹಿಂದೆಯೇ ಬಂದಳು
ದೊಡ್ಡಮಗ್ಗೆ ಕಡೆಯ ಚಿಕ್ಕತಾಯಮ್ಮ.
ಬಟವಾಡೆಯಲ್ಲಿ ಹನ್ನೊಂದು ದಿನಕ್ಕೆ ಊರಿಗೆಲ್ಲ ಒಂದೇ ಸರಾಸರಿಯಂತೆ.
"ನಮ್ಮ ಹಸೂನ ಸರಾಸರಿ ಗೂಟಕ್ಕೆ ಕಟ್ಬ್ಯಾಡಿ," ಎಂದು
ಸೆರಗಿನ ಮರೆಯಿಂದ ಬಾಗಿದ ತಂತಿಯೊಂದನ್ನು ತೆಗೆದಳು.
ತಂತಿಗೆ ಚುಚ್ಚಿದ ಚೀಟಿ, ಎರಡು ಹೊತ್ತಿನದು, ಇಪ್ಪತ್ತೆರಡು.
ಲೀಟರು, ಫ್ಯಾಟು, ಎಸ್‌ಎನ್‌ಎಫ್ಫು,
ಒಂದೂ ಹಿಂದುಮುಂದಾಗದೆ.
"ಎಲ್ಲರ ಮನೇಲೂ ಇರ್ತವೆ. ತರ್ಸಿ.
ನಾವೇನು ಮಿಷಿನ್ನು ನಂಬ್ಕೊಂಡು ಹಾಲು ಹಾಕ್ತೀವಾ?"

ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಏರಿಸಿದೆ.
ಹದಿನೇಳನೆಯದರ ಮೇಲೆ ಹಾಲು ಬಿದ್ದು
ಫ್ಯಾಟಿನ ಅಂಕಿ ಅಳಿಸಿತ್ತು.
"ಇದೆಷ್ಟು?"
"ನಾಲ್ಕು ಆರು," ಅಂದಳು, ನನ್ನ ಕಡೆ ನೋಡದೆ,
ಖಾಲಿಯಾಗುತ್ತಿದ್ದ ತಂತಿಯನ್ನು ನೆಟ್ಟಗೆ ಮಾಡುತ್ತ.

ಬೆರಳು ಒಂದು ಕ್ಷಣ ತಡೆಯಿತು.
ನಾಲ್ಕು. ಚುಕ್ಕಿ. ಆರು.