ವಿಳಾಸದಾರರು ಸ್ಥಳದಲ್ಲಿಲ್ಲ

ಕಾಸರಗೋಡಿನಿಂದ ರಿಜಿಸ್ಟರ್ಡ್ ಕಾಗದ.
ಮಲಯಾಳದ ದುಂಡಕ್ಷರದಲ್ಲಿ ವಿಳಾಸ:
ಇಮ್ಮಾನುವೇಲ ದೇವಾಲಯ, ಹೆದ್ದಾರಿ ಬದಿ, ಹೊಸಂಗಡಿ.

ಹೆದ್ದಾರಿ ಉಂಟು. ಬದಿ ಇಲ್ಲ.
ಬದಿ ಇದ್ದಲ್ಲಿ ಕಾಂಕ್ರೀಟು ಗೋಡೆ,
ಅದರಾಚೆ ತಲಪಾಡಿಯ ಟೋಲಿಗೆ ಓಡುವ ಲಾರಿ.
ಗಂಟೆ ತೂಗುತ್ತಿದ್ದ ಎತ್ತರದಲ್ಲಿ
ಈಗ ಬರೇ ಗಾಳಿ, ಡೀಸೆಲಿನ ವಾಸನೆ.

ನನ್ನ ಚೀಲದಲ್ಲೊಂದು ರಬ್ಬರ್ ಮೊಹರು:
'ವಿಳಾಸದಾರರು ಸ್ಥಳ ಬಿಟ್ಟಿದ್ದಾರೆ.'
ಒತ್ತಿದರೆ ಮುಗಿಯಿತು, ವಾಪಸು.
ಶಾಯಿಗೆ ಅದ್ದಿಯೂ ಆಗಿತ್ತು.
ಪಡೆದವನ ಮನೆಯ ಮೇಲೆ ಹಾಗೆ ಬರೆಯಲು
ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಅಳುಕದ ಕೈ
ಪಡೆದವನ ಮನೆಯೆಂದರೆ ಯಾರ ಮನೆ ಎಂದು
ನೆನಪಾಗಿ ನಿಂತಿತು.
ಐದು ಹೊತ್ತು ಬಾಗುವ ಹಣೆ ನನ್ನದು,
ಈ ಮೊಹರು ನನ್ನಿಂದಾಗದು.

ಒಳದಾರಿ ಹಿಡಿದೆ.

ಎಫ್ರಾಯಿಮರ ಮನೆಯಲ್ಲಿ ಗಂಟೆ ಸಿಕ್ಕಿತು,
ಅಕ್ಕಿ ಡಬ್ಬದ ಬದಿಯಲ್ಲಿ, ನಾಲಗೆಗೆ ಹಳೆ ಲುಂಗಿ ಸುತ್ತಿಕೊಂಡು,
ಶಿಶು ಮಲಗಿದೆಯೆಂದು.
'ದೇವಾಲಯ ಇಲ್ಲಲ್ಲ ಮೂಸಾಕ, ಇದು ಬರೇ ಗಂಟೆ.'

ಲೋಯಿಸಕ್ಕನ ಹಿತ್ತಿಲಲ್ಲಿ ಅದರ ಮುರಕಲ್ಲು.
ಎರಡು ಬಟ್ಟೆ ಒಗೆಯಲಿಕ್ಕೆ,
ಒಂದು ಕೋಳಿಗೂಡಿನ ಬಾಗಿಲಿಗೆ.
'ಜೆಸಿಬಿ ಬಂದ ದಿನ ತಲೆಯಲ್ಲಿ ಹೊತ್ತು ತಂದೆವು.
ಕಲ್ಲು ಉಂಟು. ದೇವಾಲಯ ಕೇಳಬೇಡಿ.'

ಬೆಂಚು ಸತ್ಯದಾಸನ ಚಾದಂಗಡಿಯಲ್ಲಿ.
ಮೀನಿನ ಲಾರಿಯ ಹುಡುಗನೊಬ್ಬ ಅದರ ಮೇಲೆ
ಬಾಯಿ ತೆರೆದು ನಿದ್ರಿಸುತ್ತಿದ್ದ.
'ಪ್ರಸಂಗದ ಹೊತ್ತಿಗೆ ನನ್ನ ಅಪ್ಪನೂ ಹೀಗೇ.
ನೀವು ತಬಿತಮ್ಮನಲ್ಲಿಗೆ ಹೋಗಿ,
ಇವತ್ತು ಬುಧವಾರ.'

ಹೋದಾಗ ಬೆಳಕು ಕಂತುತ್ತಿತ್ತು.
ಮೆಟ್ಟಿಲ ಕೆಳಗೆ ಚಪ್ಪಲಿ. ಲೆಕ್ಕ ಮಾಡುವುದು ನನ್ನ ಚಾಳಿ:
ಎಂಟು ಜೊತೆ, ಒಂದು ಒಂಟಿ.
ಒಂಟಿಯದು ಗಾಬ್ರಿಯೇಲಜ್ಜನದು,
ಎಡಗಾಲು ಸಕ್ಕರೆ ಕಾಯಿಲೆಗೆ ಹೋಗಿದೆ.

ನಾನೂ ಬಿಚ್ಚಿಟ್ಟು ಒಳಗೆ ಹೋದೆ.
'ದೇವಾಲಯಕ್ಕೆ ಕಾಗದ' ಎಂದೆ.
'ಕೊಡಿ' ಎಂದು ಕೈ ಚಾಚಿದರು ತಬಿತಮ್ಮ,
ಒಲೆಯಿಂದ ಎದ್ದು ಬಂದ ಕೈ,
ಬೆರಳ ಸಂದಿಯಲ್ಲಿ ಅಕ್ಕಿಹಿಟ್ಟು.

ಕಾನೂನು ಉಂಟಲ್ಲ, ಕೇಳಿದೆ:
ಪಡೆಯುವವರು ಯಾರು?
ಅವರು ಇವರನ್ನು ನೋಡಿದರು, ಇವರು ಅವರನ್ನು.
ಪಾದ್ರಿ ಬರುವುದು ತಿಂಗಳಿಗೊಮ್ಮೆ, ಮಂಗಳೂರಿನಿಂದ.
'ಎಲ್ಲರೂ ಹಾಕುವ' ಎಂದಳು ಒಬ್ಬಳು ಹುಡುಗಿ.
ಕಾರ್ಡಿನಲ್ಲಿ ಸಹಿಗೆ ಇದ್ದದ್ದು ಒಂದೇ ಗೆರೆ.

ಒಂಬತ್ತು ಜನ ಒಂದು ಗೆರೆಯಲ್ಲಿ!
ಹೆಸರಿನ ಮೇಲೆ ಹೆಸರು ಹತ್ತಿತು.
ಅಜ್ಜ ಗೋಡೆ ಕಟ್ಟುತ್ತಿದ್ದವರು. ಓದು ಬಾರದು,
ಆದರೂ ಕಣ್ಣು ಕಿರಿದು ಮಾಡಿ ಗದರಿದರು:
'ಸಂದಿಯ ಮೇಲೆ ಸಂದಿ ತರಬೇಡಿ, ಮಕ್ಕಳೇ,
ಸೀಳು ಬಿಡುತ್ತದೆ. ಆಚೆ ಸರಿಸಿ ಬರೆಯಿರಿ.'
ಕೊನೆಗೆ ತಾನು ಹೆಬ್ಬೆಟ್ಟು ಒತ್ತಿದರು,
ಜಾಗ ಉಳಿದದ್ದು ಅಲ್ಲೇ, ಕೆಳಗೆ, ಮೂಲೆಗೆ.
ಮೇಲಿನ ಎಂಟು ಹೆಸರೂ
ಆ ನೀಲಿ ಕಲೆಯ ಮೇಲೆ ನಿಂತ ಹಾಗೆ ಕಂಡಿತು,
ನನಗೆ ಹಾಗೆ ಕಂಡಿತು, ಅಷ್ಟೆ.

ಇನ್ನೊಂದು ಕಾಲಂ:
ವಿಳಾಸದಾರರಿಗೂ ನಿಮಗೂ ಏನು ಸಂಬಂಧ?
ಹೆಂಡತಿ, ಮಗ, ನೆರೆಯವ, ಹೀಗೆ ಬರೆಯುವುದು ವಾಡಿಕೆ.
ತಬಿತಮ್ಮ ಬಹಳ ಹೊತ್ತು ಯೋಚಿಸಲಿಲ್ಲ.
'ಮನೆ ಎಂದು ಬರೆದುಕೊಳ್ಳಿ.'
'ಮನೆಯವರು ಎಂದಾ?'
'ಅಲ್ಲ. ಮನೆ.'

ಬರೆದೆ. ಪೋಸ್ಟ್ ಮಾಸ್ಟರು ನಾಳೆ ಬೈಯಲಿ.

ಅವರಿಗೆ ಮಲಯಾಳ ಬಾರದು, ನಾನೇ ಒಡೆದು ಓದಿದೆ:
ಈ ನೋಟೀಸು ತಲುಪಿದ ಹದಿನೈದು ದಿನದೊಳಗೆ
ಸದರಿ ಕಟ್ಟಡವನ್ನು ಖಾಲಿ ಮಾಡತಕ್ಕದ್ದು.
ತಾರೀಕು ಕಳೆದ ವರ್ಷದ್ದು.

ಯಾರೂ ಉಸಿರೆತ್ತಲಿಲ್ಲ.
ಮೊದಲು ಅಜ್ಜನ ಹೊಟ್ಟೆ ಕುಲುಕಿತು,
ಆಮೇಲೆ ಲೋಯಿಸಕ್ಕ, ಆಮೇಲೆ ಆ ಹುಡುಗಿ,
ಹಂಚು ಹಾರುವ ಹಾಗೆ ಎಲ್ಲರೂ.
ತಬಿತಮ್ಮ ಮಾತ್ರ ಕಣ್ಣೊರೆಸಿಕೊಳ್ಳುತ್ತಾ
ನನ್ನ ಕೈಗೊಂದು ಬಿಸಿ ಓಡುದೋಸೆ ಇಟ್ಟರು.

ಕತ್ತಲಲ್ಲಿ ಇಳಿದು ಬಂದೆ. ರೈಲು ಗೇಟಿನ ಹತ್ತಿರ ಗೊತ್ತಾಯಿತು:
ಎಡಗಾಲಲ್ಲಿ ಇರುವುದು ಯಾರದೋ ಚಪ್ಪಲಿ.
ಕಚ್ಚುತ್ತಿರಲಿಲ್ಲ.