ಬಾಲ್ಕನಿಯ ಚೀಲ

ಸಾರುಲ್, ಮೊದಲು ಇದನ್ನು ಕುಡಿ, ಕೀಲಿ ಆಮೇಲೆ.
ಹಸಿದ ಹೊಟ್ಟೆಯವರ ಮಾತನ್ನು ಟ್ರಾಲಿ ಬಸ್ಸು ಕೇಳುವುದಿಲ್ಲ.
ನಿನ್ನೆ ನಾಲ್ಕನೆಯ ತಿರುವಿನಲ್ಲಿ
ತಲೆಮೇಲಿನ ಕೋಲು ತಂತಿಯಿಂದ ಜಾರಿ
ನೀನು ಇಳಿದು ಹಗ್ಗ ಹಿಡಿದೆಯಲ್ಲ,
ಹಿಡಿದದ್ದು ನೀನಲ್ಲ, ಹಗ್ಗವೇ ನಿನ್ನನ್ನು ಹಿಡಿದು ನಿಲ್ಲಿಸಿತ್ತು.
ಮೈನಸ್ ಮೂವತ್ತೆರಡು.
ಒಳಗಿನವರೆಲ್ಲ ಗಾಜಿನ ಹಿಮ ಕೆರೆದು
ನಿನ್ನ ಕೈಗವಸು ನಡುಗುವುದನ್ನು ನೋಡುತ್ತಿದ್ದರು.
ತಿಂಡಿ ತಿಂದೆಯಾ ಅಂದರೆ
ಹೊತ್ತಿರಲಿಲ್ಲ ಅಕ್ಕ, ಅಂದೆ.

ಹೊತ್ತು! ಅದು ಯಾರ ಮನೆಯಲ್ಲಿ ಬಿದ್ದುಕೊಂಡಿದೆ ಹೇಳು.
ನಾಲ್ಕೂ ಮುಕ್ಕಾಲಿಗೆ ಡಿಪೋದ ವ್ಯಾನು,
ಆಗ ಉಲಾನ್‌ಬಾತರಿನಲ್ಲಿ ಕಲ್ಲಿದ್ದಲ ಹೊಗೆ ಕೂಡ
ಇನ್ನೂ ಏಳದೆ ಬೀದಿಯಲ್ಲೇ ಮಲಗಿರುತ್ತದೆ.
ನಾನು ಏಳುವುದು ನಾಲ್ಕು ಇಪ್ಪತ್ತಕ್ಕೆ.
ಚಿನ್ನದ ಕಡಗ ತೊಡಿಸುತ್ತೇನೆಂದರೂ
ಅದಕ್ಕೆ ಒಂದು ನಿಮಿಷ ಮುಂಚೆ ಏಳಲಾರೆ.

ಅದಕ್ಕೇ ಭಾನುವಾರ.
ಹಿಟ್ಟು ನಾದಿ, ಬಟ್ಟೆ ಮುಚ್ಚಿ, ಮರೆತುಬಿಡು.
ಕುರಿಮಾಂಸ ಕತ್ತಿಯಲ್ಲೇ ಕೊಚ್ಚು,
ಯಂತ್ರಕ್ಕೆ ಕೊಟ್ಟರೆ ಅದು ಅಗಿದು ಉಗುಳುತ್ತದೆ.
ಈರುಳ್ಳಿ, ಉಪ್ಪು, ಒಂದೆರಡು ಎಸಳು ಬೆಳ್ಳುಳ್ಳಿ.
ಕೊಬ್ಬು ಕಡಿಮೆ ಮಾಡು ಅಂದಿದ್ದಾರೆ ಡಾಕ್ಟರು,
ಬೆಚ್ಚಗಿನ ಕೋಣೆಯಲ್ಲಿ ಕೂತು ಅಂದಿದ್ದಾರೆ.
ಹೆಬ್ಬೆರಳುದ್ದದ ಕಡುಬು, ಬಾನ್ಶ್,
ಅಂಚು ಒತ್ತಿ, ಹಲಗೆಯ ಮೇಲೆ ಒಂದಕ್ಕೊಂದು ತಾಗದಂತೆ ಮಲಗಿಸಿ
ಬಾಲ್ಕನಿಯಲ್ಲಿಡು.
ದನ ಕುರಿ ನಿಂತಲ್ಲೇ ಸಾಯುವ ಚಳಿ ಇದು,
ನಮ್ಮ ಮನೆಯಲ್ಲಾದರೂ ಒಂದು ಕೆಲಸ ಮಾಡಲಿ.
ಗಂಟೆಯೊಳಗೆ ಹೊಳೆಗಲ್ಲಿನಂತೆ ಖಟಖಟ ಅನ್ನುತ್ತವೆ.
ಚೀಲಕ್ಕೆ ಸುರಿದು ಬಾಯಿ ಕಟ್ಟಿ, ಮೇಲೊಂದು ಇಟ್ಟಿಗೆ ಹೇರು,
ಕಾಗೆಗಳಿಗೆ ವಾರದ ಲೆಕ್ಕ ಗೊತ್ತಿಲ್ಲ.

ಬೆಳಿಗ್ಗೆ ಇಷ್ಟೇ:
ಗಟ್ಟಿ ಚಹಾ ಮುರಿದು ಹಾಕು, ಹಾಲು ಹೊಯ್ಯಿ,
ಸೌಟಲ್ಲಿ ಎತ್ತಿ ಎತ್ತಿ ಸುರಿ. ಉಪ್ಪು.
ಉಪ್ಪಿಗಿಂತ ರುಚಿಯಿಲ್ಲ; ಸಕ್ಕರೆ ಏನಿದ್ದರೂ ರಜೆಯಲ್ಲಿರುವವರಿಗೆ.
ಕುದಿ ಬಂದಾಗ ಇಪ್ಪತ್ತು ಬಾನ್ಶ್ ಎಣಿಸಿ ಬಿಡು,
ಮುಳುಗುತ್ತವೆ. ನೀನು ಬೂಟು ಹಾಕಿಕೋ.
ಎರಡನೆಯ ಬೂಟಿನ ದಾರ ಬಿಗಿಯುವಷ್ಟರಲ್ಲಿ ತೇಲಿರುತ್ತವೆ.

ಹನ್ನೆರಡು ಮಗನ ಫ್ಲಾಸ್ಕಿಗೆ, ಎಂಟು ನನ್ನದಕ್ಕೆ.
ಅವನಪ್ಪ ಗೋಬಿಯ ಗಣಿಯಲ್ಲಿ, ಹದಿನಾಲ್ಕು ದಿನಕ್ಕೊಮ್ಮೆ ಮನೆ.
ತುವ್ಶಿನ್ ಏಳುವ ಹೊತ್ತಿಗೆ ನನ್ನದು ಎರಡನೆಯ ಸುತ್ತು.
ಬೆಳಗಿನ ಹೊತ್ತು ನಾವಿಬ್ಬರೂ ಭೇಟಿಯಾಗುವುದು
ಈ ಚಹಾದಲ್ಲಿ.
ಭಾನುವಾರ ಅವನೂ ಕೂತು ಮಡಿಸುತ್ತಾನೆ,
ನಲವತ್ತು ಮಡಿಸಿದರೆ ಹತ್ತರ ಬಾಯಿ ನಿಲ್ಲುವುದಿಲ್ಲ,
ಬಿಸಿ ತಾಗಿದ್ದೇ ಬಿಚ್ಚಿಕೊಂಡು ಗುಟ್ಟೆಲ್ಲ ಹೊರಗೆ.

ಮಾರ್ಚ್ ಕಳೆದರೆ ಊರೆಲ್ಲ ಟೋಪಿ ತೆಗೆದು ನಗುತ್ತದೆ,
ನಾನೊಬ್ಬಳು ದಿನಾ ಚೀಲ ಒತ್ತಿ ನೋಡುತ್ತೇನೆ.
ಹೋದ ವರ್ಷ ಒಂದೇ ಮಧ್ಯಾಹ್ನದ ಬಿಸಿಲಿಗೆ
ನೂರರವತ್ತು ಬಾನ್ಶ್ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ
ಒಂದೇ ಬಂಡೆ.
ಕೊಡಲಿಯಲ್ಲಿ ಒಡೆದು, ಪಕ್ಕದ ಮನೆಯ ತ್ಸೆರೆಂದೊಲ್ಗರ್‌ಗೂ ಕೊಟ್ಟು,
ಮೂರು ದಿನ ಅದೇ ಗಂಜಿ.
ಫ್ರಿಜ್ಜಿನ ಹಿಮದ ಖಾನೆಗೆ ಒಂದು ಜೊತೆ ಚಪ್ಪಲಿ ಹಿಡಿಸುವುದಿಲ್ಲ.
ವಸಂತಕ್ಕೆ ಕಾಯುವವರು ಕಾಯಲಿ,
ನನಗಂತೂ ಅದು ಅರ್ಧ ಗಂಟೆ ನಿದ್ದೆಯ ನಷ್ಟ.

ಮುಖಕ್ಕೆ ಬಣ್ಣ ಬಂತು ನೋಡು ಈಗ.
ಉಪಕಾರ ಗಿಪಕಾರ ಬೇಡ,
ಭಾನುವಾರ ನಿನ್ನ ಕತ್ತಿ, ಎರಡು ಕಿಲೋ ಈರುಳ್ಳಿ ಹಿಡಿದು ಬಾ.
ತಗೋ ಕೀಲಿ. ಹಗ್ಗದ ಗಂಟು ನೋಡಿಕೊಂಡು ಹೊರಡು.

ತಡಿ, ಫ್ಲಾಸ್ಕು ಇತ್ತ ಕೊಡು.
ತಳದಲ್ಲೊಂದು ಉಳಿದಿದೆಯಲ್ಲ, ಅಂಚು ಬಿಟ್ಟಿರುವುದು,
ಅದು ಅವನು ಮಡಿಸಿದ್ದು.
ಅದನ್ನು ನನಗೆ ಬಿಡು.